ನಂಬಿದವರ ಪತ್ರ ಸ್ಪ್ಯಾಮಿಗೆ ಬೀಳದಂತೆ ಫಿಲ್ಟರ್ ಹಾಕುವುದು ಹೇಗೆ?

ತ್ರೈಮಾಸಿಕ (ಭಾನುವಾರ ಸಂಜೆ)

ಧಾರವಾಡದಿಂದ ಮೂರು ತಿಂಗಳಿಗೊಮ್ಮೆ ಹೊರಡುವ ಸಣ್ಣ ಸಾಹಿತ್ಯ ಪತ್ರಿಕೆಯೊಂದರ ಕೆಲಸವನ್ನು ನಿವೃತ್ತಿಯಾದ ಮೇಲೆ ನೋಡಿಕೊಳ್ಳುತ್ತಿದ್ದೇನೆ. ಸಂಪಾದಕ, ಕರಡು ತಿದ್ದುವವನು, ಲಕೋಟೆಗೆ ಅಂಚೆಚೀಟಿ ಅಂಟಿಸುವವನು ಎಲ್ಲವೂ ನಾನೇ. ಬರಹಗಳೆಲ್ಲ ಈಗ ಇಮೇಲಿನಲ್ಲೇ ಬರುತ್ತವೆ.

ಕಳೆದ ವರ್ಷ ಶಿರಸಿಯ ಕಡೆಯ ಹಿರಿಯ ಲೇಖಕರೊಬ್ಬರು ಫೋನ್ ಮಾಡಿ, “ನನ್ನ ಕಥೆ ಏನಾಯಿತು?” ಎಂದು ಕೇಳಿದರು. ಯಾವ ಕಥೆ ಎಂದು ನೆನಪಾಗಲಿಲ್ಲ. ಬಾಯಿಗೆ ಬಂದಂತೆ “ಪರಿಶೀಲನೆಯಲ್ಲಿದೆ” ಎಂದುಬಿಟ್ಟೆ. ಎರಡು ತಿಂಗಳ ನಂತರ ಮತ್ತೆ ಕೇಳಿದರು, ಮತ್ತೆ ಅದೇ ಉತ್ತರ. ಮೂರನೆಯ ಸಲ ನಾಚಿಕೆಯಾಗಿ ಹುಡುಕಲು ಕುಳಿತೆ. ಕಥೆ ಎಲ್ಲಿಯೂ ಇಲ್ಲ. ಕಸದ ಪತ್ರಗಳು ಬೀಳುವ ಸ್ಪ್ಯಾಮ್ ಎಂಬ ಪೆಟ್ಟಿಗೆ ಇದೆಯೆಂದು ಮೊಮ್ಮಗಳು ತೋರಿಸಿಕೊಟ್ಟಳು. ಅಲ್ಲಿದ್ದದ್ದು 30 ದಿನ ಕಳೆದರೆ ತಾನಾಗಿಯೇ ಅಳಿಸಿ ಹೋಗುತ್ತದೆ ಎಂದು ಅವಳೇ ಹೇಳಿದಳು. ಆ ಪೆಟ್ಟಿಗೆಯನ್ನು ನಾನು ಒಮ್ಮೆಯೂ ತೆರೆದಿರಲಿಲ್ಲ. ಸೇವೆ ಯಾರದು ಎಂಬುದು ಬೇಡ, ತಪ್ಪು ನನ್ನದೇ.

ಈಗ ಪತ್ರಿಕೆಯ ಖಾತೆಯನ್ನು ಜೀಮೇಲಿಗೆ ಬದಲಾಯಿಸಿದ್ದೇವೆ. ನಮಗೆ ಬರೆಯುವ ಸುಮಾರು ಅರವತ್ತು ಜನರ ಪತ್ರಗಳು ನೇರವಾಗಿ ನನ್ನ ಕಣ್ಣಿಗೆ ಬೀಳುವಂತೆ ಮಾಡಬೇಕು. ಕಂಪ್ಯೂಟರಿನಲ್ಲಿ ನನಗೆ ಬರುವುದು ಟೈಪಿಂಗ್ ಮತ್ತು ಪ್ರಿಂಟ್, ಅಷ್ಟೇ. ಆ ಮಟ್ಟಕ್ಕೆ ಇಳಿದು ಹೇಳಿ.

ಹಳೇ ಪೇಟೆ

ಸುಲಭದ ದಾರಿ: ಅರವತ್ತು ಜನರನ್ನೂ ಕಾಂಟ್ಯಾಕ್ಟ್ಸ್‌ಗೆ ಸೇರಿಸಿ. ಪರಿಚಯದವರ ಪತ್ರವನ್ನು ಜೀಮೇಲ್ ಸಾಮಾನ್ಯವಾಗಿ ಸ್ಪ್ಯಾಮಿಗೆ ತಳ್ಳುವುದಿಲ್ಲ. ಈಗಾಗಲೇ ಅಲ್ಲಿ ಬಿದ್ದಿರುವುದನ್ನು ತೆರೆದು “ನಾಟ್ ಸ್ಪ್ಯಾಮ್” ಒತ್ತಿ. ನನ್ನ ಕೆಲಸ ಇದರಲ್ಲೇ ನಡೆಯುತ್ತಿದೆ.

ಸರ್ವರ್ ಕೋಣೆ

ಕಾಂಟ್ಯಾಕ್ಟ್ಸ್ ಸಹಾಯ ಮಾಡುತ್ತದೆ, ಆದರೆ ಅದು ಶಿಫಾರಸು ಪತ್ರವಿದ್ದಂತೆ, ಆದೇಶವಲ್ಲ. ಆದೇಶ ಬೇಕಾದರೆ ಫಿಲ್ಟರ್ ಹಾಕಬೇಕು. ಬೆಂಗಳೂರಿನ ಕಂಪನಿಯೊಂದರಲ್ಲಿ ಹನ್ನೊಂದು ವರ್ಷದಿಂದ ಮೇಲ್ ಸರ್ವರ್ ಕಾಯುವುದೇ ನನ್ನ ಕೆಲಸ, ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಮೊದಲು ಕಂಪ್ಯೂಟರಿನ ಮುಂದೆ ಕುಳಿತುಕೊಳ್ಳಿ. ಮೊಬೈಲಿನ ಜೀಮೇಲ್ ಆ್ಯಪ್‌ನಲ್ಲಿ ಫಿಲ್ಟರ್ ರಚಿಸಲು ಬರುವುದಿಲ್ಲ. ಎಷ್ಟೋ ಜನ ಅಲ್ಲಿಯೇ ಹುಡುಕಿ ಹುಡುಕಿ ಸೋಲುತ್ತಾರೆ. ಬ್ರೌಸರಿನಲ್ಲಿ ಜೀಮೇಲ್ ತೆರೆದರೆ ಮೇಲೆ ಹುಡುಕಾಟದ ಪಟ್ಟಿ ಇರುತ್ತದೆ. ಅದರ ಬಲತುದಿಯಲ್ಲಿ ಅಡ್ಡಗೆರೆಗಳ ಮೇಲೆ ಗುಂಡಿಗಳನ್ನು ಪೋಣಿಸಿದಂತಹ ಸಣ್ಣ ಚಿತ್ರವಿದೆ, ಅದನ್ನು ಒತ್ತಿ. ಒಂದು ಅರ್ಜಿ ನಮೂನೆ ಬಿಚ್ಚಿಕೊಳ್ಳುತ್ತದೆ. “ಫ್ರಮ್” ಎಂಬ ಜಾಗದಲ್ಲಿ ಲೇಖಕರ ಪೂರ್ತಿ ವಿಳಾಸ ಬರೆದು ಕೆಳಗಿನ “ಕ್ರಿಯೇಟ್ ಫಿಲ್ಟರ್” ಒತ್ತಿ. ಮುಂದಿನ ಪುಟದಲ್ಲಿ ಸಾಲು ಸಾಲಾಗಿ ಚೌಕಗಳು ಬರುತ್ತವೆ. ನಿಮಗೆ ಬೇಕಾದದ್ದು “ನೆವರ್ ಸೆಂಡ್ ಇಟ್ ಟು ಸ್ಪ್ಯಾಮ್”. ಜೊತೆಗೆ “ಲೇಖಕರು” ಎಂದು ಒಂದು ಲೇಬಲ್ ಹಚ್ಚುವುದಕ್ಕೂ ಅಲ್ಲಿಯೇ ಹೇಳಬಹುದು. ಹಾಗೆ ಮಾಡಿದರೆ ಅವರ ಪತ್ರಗಳು ಎಡಗಡೆ ಒಂದೇ ಕಡೆ ಸಿಗುತ್ತವೆ.

ಅರವತ್ತು ಜನರಿಗೆ ಅರವತ್ತು ಫಿಲ್ಟರ್ ಬೇಕಿಲ್ಲ. ಒಂದೇ ಜಾಗದಲ್ಲಿ ಹತ್ತು ಹದಿನೈದು ವಿಳಾಸ ಬರೆದು, ಎರಡು ವಿಳಾಸಗಳ ನಡುವೆ ಇಂಗ್ಲಿಷಿನ “ಆರ್” ಪದವನ್ನು, ಅಂದರೆ “ಅಥವಾ” ಎನ್ನುವುದನ್ನು, ದೊಡ್ಡಕ್ಷರಗಳಲ್ಲಿ ಹಾಕಿ. ಸಣ್ಣಕ್ಷರದಲ್ಲಿ ಹಾಕಿದರೆ ಅದನ್ನೂ ಒಂದು ಮಾಮೂಲಿ ಪದವೆಂದು ತಿಳಿದುಕೊಂಡುಬಿಡುತ್ತದೆ.

ತ್ರೈಮಾಸಿಕ (ಸೋಮವಾರ ರಾತ್ರಿ)

ಗುಂಡಿ ಪೋಣಿಸಿದ ಚಿತ್ರ ಸಿಕ್ಕಿತು! ಆ ವಿವರಣೆ ಇಲ್ಲದಿದ್ದರೆ ಖಂಡಿತ ಸಿಗುತ್ತಿರಲಿಲ್ಲ. ಅರವತ್ತು ವಿಳಾಸ ಟೈಪ್ ಮಾಡುವುದು ಬೇಸರವೆನಿಸಿ ಸಣ್ಣ ಜಾಣತನ ತೋರಿಸಿದ್ದೇನೆ. ನಮಗೆ ಬರೆಯುವವರಲ್ಲಿ ಮುಕ್ಕಾಲು ಪಾಲು ಜನ ಜೀಮೇಲಿನವರೇ. ಆದ್ದರಿಂದ “ಜೀಮೇಲ್ ಡಾಟ್ ಕಾಮ್” ಎಂದಷ್ಟೇ ಹಾಕಿದೆ. ಒಂದೇ ಏಟಿಗೆ ಎಲ್ಲರೂ ಒಳಗೆ.

ಸರ್ವರ್ ಕೋಣೆ

ಅಯ್ಯೋ! ದಯವಿಟ್ಟು ಅದನ್ನು ಈಗಲೇ ತೆಗೆಯಿರಿ.

ಒಂಟಿ ಸಾಲು

ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಂಡರು.

ತ್ರೈಮಾಸಿಕ (ಮಂಗಳವಾರ ಬೆಳಗ್ಗೆ)

ನಿಮ್ಮ ಉತ್ತರ ನೋಡಿದ್ದು ಈಗ. ರಾತ್ರಿಯೇ ಪರಿಣಾಮ ಆಗಿಹೋಗಿದೆ. ಬೆಳಗ್ಗೆ ಎದ್ದು ನೋಡಿದರೆ ನಲವತ್ತೊಂದು ಪತ್ರಗಳು. ಅಡಮಾನವಿಲ್ಲದ ಸಾಲ, ಬಕ್ಕತಲೆಗೆ ಎಣ್ಣೆ, ಯಾವುದೋ ದೇಶದ ಶ್ರೀಮಂತರೊಬ್ಬರು ನನಗಾಗಿ ಬಿಟ್ಟುಹೋದ ಆಸ್ತಿ. ಪ್ರತಿ ಪತ್ರದ ನೆತ್ತಿಯ ಮೇಲೂ ಒಂದು ಸೂಚನೆ ಇದೆ: ನೀವು ರಚಿಸಿದ ಫಿಲ್ಟರಿನ ಕಾರಣದಿಂದ ಇದನ್ನು ಸ್ಪ್ಯಾಮಿಗೆ ಕಳುಹಿಸಿಲ್ಲ ಎಂದು. ಬೈದರೂ ಇಷ್ಟು ನೋವಾಗುತ್ತಿರಲಿಲ್ಲ. ಹಾಕಿದ್ದನ್ನು ತೆಗೆಯುವುದು ಎಲ್ಲಿ?

ಸರ್ವರ್ ಕೋಣೆ

ಬಲಮೇಲ್ಗಡೆಯ ಹಲ್ಲಿನ ಚಕ್ರದ ಗುರುತು, ಅದರೊಳಗೆ ಎಲ್ಲ ಸೆಟ್ಟಿಂಗ್ಸ್, ಅಲ್ಲಿ “ಫಿಲ್ಟರ್ಸ್ ಆ್ಯಂಡ್ ಬ್ಲಾಕ್ಡ್ ಅಡ್ರೆಸಸ್”. ನೀವು ಹಾಕಿದ ಫಿಲ್ಟರುಗಳೆಲ್ಲ ಅಲ್ಲಿ ಸಾಲಾಗಿ ಇರುತ್ತವೆ, ತಿದ್ದಲೂಬಹುದು, ಅಳಿಸಲೂಬಹುದು. ಆ ಪುಟವನ್ನು ವರ್ಷಕ್ಕೆರಡು ಸಲ ತೆರೆದು ನೋಡುವುದು ಒಳ್ಳೆಯದು. ಮರೆತುಹೋದ ಫಿಲ್ಟರಿನಿಂದ ಆಗುವ ತೊಂದರೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಡೊಮೈನ್ ಪೂರ್ತಿ, ಅಂದರೆ ವಿಳಾಸದಲ್ಲಿ ಅಟ್ ಚಿಹ್ನೆಯ ನಂತರದ ಭಾಗ ಒಂದೇ ಇರುವವರನ್ನೆಲ್ಲ, ಒಳಗೆ ಬಿಡುವುದು ಒಂದು ಸಂಸ್ಥೆಯ ಸ್ವಂತ ಡೊಮೈನ್ ಆಗಿದ್ದಾಗ ಮಾತ್ರ ಯೋಚಿಸಬೇಕಾದ ವಿಷಯ. ಜೀಮೇಲ್, ಔಟ್‌ಲುಕ್, ಯಾಹೂ ಇವು ಸಂತೆಯ ಬಯಲು, ಅಲ್ಲಿ ಯಾರು ಬೇಕಾದರೂ ಐದು ನಿಮಿಷದಲ್ಲಿ ಅಂಗಡಿ ಹಾಕಬಹುದು. ಕಂಪನಿಗಳಲ್ಲಿ ಇನ್ನೊಂದು ತಪ್ಪು ಮಾಡುತ್ತಾರೆ: ತಮ್ಮದೇ ಡೊಮೈನನ್ನು ನಂಬಿಕೆಯ ಪಟ್ಟಿಗೆ ಸೇರಿಸಿಕೊಳ್ಳುತ್ತಾರೆ. ಮೋಸಗಾರರು ಮೊದಲು ನಟಿಸುವುದೇ ನಿಮ್ಮ ಮೇಲಧಿಕಾರಿಯಂತೆ.

ಮಂಗಳೂರು ಮಳೆ

ನನ್ನದೊಂದು ಅನುಮಾನ. ನಾನು “ಫ್ರಮ್” ಜಾಗದಲ್ಲಿ ವಿಳಾಸದ ಬದಲು ನನ್ನ ಮಗನ ಕಾಲೇಜಿನ ಹೆಸರನ್ನೇ ಹಾಕಿದ್ದೇನೆ. ಕೆಲಸ ಮಾಡುತ್ತಿದೆ. ಇದು ಸರಿಯೇ?

ಸರ್ವರ್ ಕೋಣೆ

ಕೆಲಸ ಮಾಡುತ್ತಿರುವುದೇ ಸಮಸ್ಯೆ. ಆ ಜಾಗ ವಿಳಾಸವನ್ನು ಮಾತ್ರವಲ್ಲ, ಕಳುಹಿಸಿದವರು ತಮಗೆ ತಾವೇ ಇಟ್ಟುಕೊಂಡ ಹೆಸರನ್ನೂ ನೋಡುತ್ತದೆ. ಹೆಸರು ಯಾರು ಏನು ಬೇಕಾದರೂ ಇಟ್ಟುಕೊಳ್ಳಬಹುದು. ನಾಳೆ ಒಬ್ಬ ಹೊಸ ಖಾತೆ ತೆರೆದು ಅದಕ್ಕೆ ನಿಮ್ಮ ಮಗನ ಕಾಲೇಜಿನ ಹೆಸರಿಟ್ಟು “ಶುಲ್ಕ ಬಾಕಿ ಇದೆ, ಈ ಕೊಂಡಿ ಒತ್ತಿ” ಎಂದು ಬರೆದರೆ, ನಿಮ್ಮ ಫಿಲ್ಟರ್ ಅವನಿಗೆ ಬಾಗಿಲು ತೆರೆದು ನಮಸ್ಕಾರ ಮಾಡುತ್ತದೆ. ವಿಳಾಸವನ್ನೇ ಹಾಕಿ. ಅದನ್ನು ಕೈಯಿಂದ ಟೈಪ್ ಮಾಡಬೇಡಿ, ಕಾಲೇಜಿನಿಂದ ಹಿಂದೆ ಬಂದ ಖಾತ್ರಿಯ ಪತ್ರದಿಂದ ನಕಲು ಮಾಡಿ ಅಂಟಿಸಿ. ಇಂಗ್ಲಿಷಿನ ಆರ್ ಮತ್ತು ಎನ್ ಸಣ್ಣಕ್ಷರಗಳನ್ನು ಒತ್ತಾಗಿ ಬರೆದರೆ ಎಮ್ ಎಂದೇ ಕಾಣುತ್ತದೆ. ಅದನ್ನು ನಂಬಿ ಬದುಕುವ ಕಳ್ಳರಿದ್ದಾರೆ.

ಲೆಕ್ಕದ ಪುಸ್ತಕ

ಮೈಸೂರಿನಲ್ಲಿ ತೆರಿಗೆ ಸಲಹೆಗಾರನಾಗಿದ್ದೇನೆ. ಪತ್ರಿಕೆಯ ಮಾತಿನ ನಡುವೆ ನುಗ್ಗುವುದಕ್ಕೆ ಕ್ಷಮಿಸಿ, ಆದರೆ ಈ ವಿಷಯದಲ್ಲಿ ಹಣ ಕಳೆದುಕೊಂಡವರನ್ನು ಕಂಡಿದ್ದೇನೆ. ಆದಾಯ ತೆರಿಗೆ ವಿವರ ಸಲ್ಲಿಸಿದ ಮೇಲೆ ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರದಿಂದ, ನಾವೆಲ್ಲ ಸಿಪಿಸಿ ಎನ್ನುವ ಕಡೆಯಿಂದ, ಇಮೇಲಿನಲ್ಲೇ ಸೂಚನೆ ಬರುತ್ತದೆ. 1961ರ ಕಾಯ್ದೆಯ 143(1) ಕಲಮಿನ ಕೆಳಗೆ ಲೆಕ್ಕದಲ್ಲಿ ಏನಾದರೂ ಹೊಂದಾಣಿಕೆ ಮಾಡುವ ಪ್ರಸ್ತಾವವಿದ್ದರೆ ಉತ್ತರ ಕೊಡಲು ಸಿಗುವುದು 30 ದಿನ. ಕೆಲವು ಮೇಲ್ ಸೇವೆಗಳಲ್ಲಿ ಸ್ಪ್ಯಾಮ್ ಅಳಿಯುವುದೂ 30 ದಿನಕ್ಕೆ. ಎರಡೂ ಒಟ್ಟಿಗೆ ಮುಗಿದ ಮೇಲೆ ಕಕ್ಷಿದಾರರು ನನ್ನ ಕಚೇರಿಗೆ ಬರುತ್ತಾರೆ.

ನಾನು ಎಲ್ಲರಿಗೂ ಹಾಕಿಸುವ ಫಿಲ್ಟರ್ “ಇನ್‌ಕಮ್‌ಟ್ಯಾಕ್ಸ್ ಡಾಟ್ ಗೌ ಡಾಟ್ ಇನ್” ಎಂಬ ಡೊಮೈನಿಗೆ. “ಗೌ ಡಾಟ್ ಇನ್” ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಸಿಗುವಂಥದ್ದು, ಆದ್ದರಿಂದ ಇಲ್ಲಿ ಡೊಮೈನ್ ಮಟ್ಟದಲ್ಲಿ ಬಿಡಬಹುದು ಎಂಬುದು ನನ್ನ ಅಭಿಪ್ರಾಯ. ಹಾಗೆಂದು ಬಂದದ್ದನ್ನೆಲ್ಲ ನಂಬಬೇಡಿ. ಇಲಾಖೆ ಇಮೇಲಿನಲ್ಲಿ ಪಾಸ್‌ವರ್ಡ್, ಪಿನ್, ಕಾರ್ಡಿನ ವಿವರ ಕೇಳುವುದಿಲ್ಲ. 143(1) ಸೂಚನೆಯ ಕಡತ ತೆರೆಯಲು ಬೇಕಾಗುವ ಪಾಸ್‌ವರ್ಡ್ ಸಣ್ಣಕ್ಷರದ ಪ್ಯಾನ್ ಸಂಖ್ಯೆ ಮತ್ತು ಹುಟ್ಟಿದ ದಿನಾಂಕ. ಅದು ನಿಮಗೆ ಗೊತ್ತಿರುವ ವಿಷಯ, ಯಾರಿಗೂ ಹೇಳಬೇಕಾದ್ದಲ್ಲ.

ಹಳೇ ಪೇಟೆ

ಬ್ಯಾಂಕುಗಳಿಗೂ ಈಗ ಅಂಥದ್ದೇ ಬಂದಿದೆಯಲ್ಲವೇ?

ಲೆಕ್ಕದ ಪುಸ್ತಕ

ಹೌದು, “ಬ್ಯಾಂಕ್ ಡಾಟ್ ಇನ್”. ರಿಸರ್ವ್ ಬ್ಯಾಂಕ್ 2025ರ ಫೆಬ್ರುವರಿಯಲ್ಲಿ ಘೋಷಿಸಿ, ಬ್ಯಾಂಕುಗಳೆಲ್ಲ ಅದೇ ವರ್ಷದ ಅಕ್ಟೋಬರ್ 31ರೊಳಗೆ ಅದಕ್ಕೆ ಬದಲಾಗಬೇಕೆಂದು ಹೇಳಿತು. ಬ್ಯಾಂಕಿಂಗ್ ತಂತ್ರಜ್ಞಾನಕ್ಕೆಂದಿರುವ ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆಯೊಂದೇ ಅದನ್ನು ಹಂಚುತ್ತದೆ, ಕಂಡಕಂಡವರು ಕೊಳ್ಳಲಾಗದು. ಆದರೆ ಜಾಲತಾಣ ಬದಲಾಯಿತೆಂದರೆ ಪತ್ರ ಬರುವ ವಿಳಾಸವೂ ಬದಲಾಗಿದೆ ಎಂದೇನಿಲ್ಲ. ನಿಮ್ಮ ಬ್ಯಾಂಕಿನ ಪತ್ರ ನಿಜವಾಗಿ ಎಲ್ಲಿಂದ ಬರುತ್ತಿದೆ ಎಂದು ನೋಡಿಯೇ ಫಿಲ್ಟರ್ ಹಾಕಿ. ಹಳೆಯ ಫಿಲ್ಟರ್ ಇದ್ದವರು ಮತ್ತೊಮ್ಮೆ ಪರೀಕ್ಷಿಸಿಕೊಳ್ಳಿ.

ಒಂಟಿ ಸಾಲು

ಇಷ್ಟೆಲ್ಲ ಬೇಕೇ? ವಾರಕ್ಕೊಮ್ಮೆ ಸ್ಪ್ಯಾಮ್ ಪೆಟ್ಟಿಗೆ ತೆರೆದು ನೋಡಿದರೆ ಮುಗಿಯಿತು.

ಸರ್ವರ್ ಕೋಣೆ

ಅದರಲ್ಲಿ ನಿಜವಿದೆ ಎಂದು ಒಪ್ಪುತ್ತೇನೆ. ಫಿಲ್ಟರ್ ಹಾಕಿದವರೂ ನೋಡಲೇಬೇಕು. ಆದರೆ ದಿನಕ್ಕೆ ಇನ್ನೂರು ಕಸ ಬೀಳುವ ಸಾರ್ವಜನಿಕ ವಿಳಾಸವಿದ್ದರೆ ಕಣ್ಣು ಮಂಜಾಗುತ್ತದೆ. ಅಕ್ಕಿಯಲ್ಲಿ ಕಲ್ಲು ಆರಿಸಬಹುದು, ಕಲ್ಲಿನಲ್ಲಿ ಅಕ್ಕಿ ಆರಿಸುವುದು ಬೇರೆ ಕಸುಬು.

ನ್ಯೂಜೆರ್ಸಿ ಕನ್ನಡಿಗ

ನಾನು ಬರೆದು ಕಳುಹಿಸುವವರ ಕಡೆಯವನು. ನನ್ನ ಪತ್ರಗಳೂ ಎರಡು ಸಲ ಹೀಗೆ ಕಾಣೆಯಾಗಿದ್ದವು. ಓದಿದ ಕಾಲೇಜಿನವರು ಹಳೆಯ ವಿದ್ಯಾರ್ಥಿಗಳಿಗೆ ಒಂದು ವಿಳಾಸ ಕೊಟ್ಟಿದ್ದಾರೆ, ಅದಕ್ಕೆ ಬಂದದ್ದು ನನ್ನ ಸ್ವಂತ ಖಾತೆಗೆ ರವಾನೆಯಾಗುತ್ತದೆ. ಅಂದರೆ ಎರಡೂ ದಿಕ್ಕಿನ ಕಷ್ಟ ನನಗಿದೆ: ನನಗೆ ಸಂಪಾದಕರು ಬರೆದದ್ದೂ ಸ್ಪ್ಯಾಮಿನಲ್ಲೇ ಸಿಕ್ಕಿತು. ನಂಬಿಕೆಯ ವಿಳಾಸದಿಂದಲೇ ಬಂದಿದ್ದರೂ ಹೀಗೇಕೆ?

ಸರ್ವರ್ ಕೋಣೆ

ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಇಮೇಲ್ ಸಾಗಿಸುವ ಎಸ್ಎಮ್‌ಟಿಪಿ ನಿಯಮ 1982ರದು. ಆಗ ಜಾಲದಲ್ಲಿದ್ದವರು ಕೆಲವೇ ವಿಶ್ವವಿದ್ಯಾಲಯ ಮತ್ತು ಪ್ರಯೋಗಾಲಯಗಳವರು. ಲಕೋಟೆಯ ಮೇಲೆ ಯಾರ ಹೆಸರು ಬರೆದರೂ ಅಂಚೆಯವನು ಕೇಳುತ್ತಿರಲಿಲ್ಲ, ಮೂಲ ನಿಯಮ ಈಗಲೂ ಕೇಳುವುದಿಲ್ಲ. ಕೇಳುವ ವ್ಯವಸ್ಥೆಗಳನ್ನೆಲ್ಲ ಆಮೇಲೆ ಹೊಲಿದು ಸೇರಿಸಿದ್ದು. ಎಸ್‌ಪಿಎಫ್ ಎಂಬುದು ಒಂದು ಡೊಮೈನಿನ ಪರವಾಗಿ ಯಾವ ಸರ್ವರುಗಳು ಪತ್ರ ಕಳುಹಿಸಬಹುದು ಎಂಬ ಪಟ್ಟಿ. ಡಿಕಿಮ್ ಪತ್ರಕ್ಕೆ ಒತ್ತುವ ಅರಗಿನ ಮುದ್ರೆ. ಇವೆರಡೂ ಸೋತರೆ ಪತ್ರವನ್ನು ಏನು ಮಾಡಬೇಕು ಎಂದು ಡೊಮೈನಿನ ಮಾಲೀಕ ಹೇಳುವುದು ಡಿಮಾರ್ಕ್.

ನಿಮ್ಮ ಕಾಲೇಜಿನ ಸರ್ವರ್ ಸಂಪಾದಕರ ಪತ್ರವನ್ನು ಎತ್ತಿ ನಿಮ್ಮ ಖಾತೆಗೆ ಹಾಕುವಾಗ, ಪತ್ರ ಸಂಪಾದಕರದು, ತಂದವನು ಮಾತ್ರ ಪಟ್ಟಿಯಲ್ಲಿಲ್ಲದ ಅಂಚೆಯವನು. ಎಸ್‌ಪಿಎಫ್ ಅಲ್ಲಿ ಸೋಲುತ್ತದೆ. ಅರಗಿನ ಮುದ್ರೆ ಇದ್ದು, ದಾರಿಯಲ್ಲಿ ಯಾರೂ ಪತ್ರದೊಳಗೆ ಕೈಹಾಕದಿದ್ದರೆ ಡಿಕಿಮ್ ಉಳಿಸುತ್ತದೆ. ಕೆಲವು ಕಡೆ ಪತ್ರದ ಕೆಳಗೆ ಸಂಸ್ಥೆಯವರು ಒಂದು ಟಿಪ್ಪಣಿ ಅಂಟಿಸುತ್ತಾರೆ, ಆಗ ಮುದ್ರೆಯೂ ಒಡೆಯುತ್ತದೆ.

ಸ್ವತಃ ನೋಡಬಹುದು. ಜೀಮೇಲಿನಲ್ಲಿ ಪತ್ರ ತೆರೆದು, ಬಲಗಡೆಯ ಮೂರು ಚುಕ್ಕಿ ಒತ್ತಿ, “ಶೋ ಒರಿಜಿನಲ್” ಆರಿಸಿ. ಮೇಲಿನ ಕೋಷ್ಟಕದಲ್ಲಿ ಮೂರರ ಎದುರು ಪಾಸೋ ಫೇಲೋ ಬರೆದಿರುತ್ತದೆ. ಯಾರನ್ನಾದರೂ ನಂಬಿಕೆಯ ಪಟ್ಟಿಗೆ ಸೇರಿಸುವ ಮುಂಚೆ ಅವರ ಒಂದು ಪತ್ರದಲ್ಲಿ ಇದನ್ನು ನೋಡುವುದು ನನ್ನ ಅಭ್ಯಾಸ. ಮೂರೂ ಪಾಸಾದವರಿಗೆ ಫಿಲ್ಟರ್ ಹಾಕುವುದರಲ್ಲಿ ಭಯವಿಲ್ಲ. ಮೂರೂ ಫೇಲಾದವರಿಗೆ ಹಾಕಿದರೆ, ಅವರ ಹೆಸರು ಹೇಳಿಕೊಂಡು ಬರುವ ಎಲ್ಲರಿಗೂ ಹಾಕಿದಂತೆ.

2024ರ ಫೆಬ್ರುವರಿಯಿಂದ ಜೀಮೇಲ್ ಖಾತೆಗಳಿಗೆ ದಿನಕ್ಕೆ 5000ಕ್ಕಿಂತ ಹೆಚ್ಚು ಪತ್ರ ಕಳುಹಿಸುವವರಿಗೆ ಗೂಗಲ್ ಈ ಮೂರನ್ನೂ ಕಡ್ಡಾಯ ಮಾಡಿದೆ. ಸಣ್ಣಪುಟ್ಟ ಸಂಘಗಳ ಡೊಮೈನುಗಳು ಅಷ್ಟು ಕಳುಹಿಸುವುದಿಲ್ಲ, ಆದ್ದರಿಂದ ಮಾಡಿಕೊಂಡಿಲ್ಲದವರು ಇನ್ನೂ ಬಹಳ.

ಮಂಗಳೂರು ಮಳೆ

ಔಟ್‌ಲುಕ್ ಬಳಸುವವರಿಗೆ?

ಹಳೇ ಪೇಟೆ

ಅದರಲ್ಲಿ ಇನ್ನೂ ಸುಲಭ. ಸೆಟ್ಟಿಂಗ್ಸ್, ಮೇಲ್, ಜಂಕ್ ಇಮೇಲ್ (ಸ್ಪ್ಯಾಮಿಗೆ ಅಲ್ಲಿ ಜಂಕ್ ಎನ್ನುತ್ತಾರೆ). ಅಲ್ಲಿ ಸುರಕ್ಷಿತ ಕಳುಹಿಸುವವರ ಪಟ್ಟಿಯೇ ಇದೆ, ವಿಳಾಸ ಸೇರಿಸಿ ಉಳಿಸಿದರೆ ಆಯಿತು. ಕಾಂಟ್ಯಾಕ್ಟ್ಸ್‌ನಲ್ಲಿ ಇರುವವರನ್ನು ನಂಬು ಎಂಬ ಚೌಕವೂ ಸಿಗುತ್ತದೆ. ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶ ಇಟ್ಟುಕೊಂಡವರು ವಿಳಾಸ ಪುಸ್ತಕದಲ್ಲಿ ಇರುವವರ ಪತ್ರವನ್ನು ಜಂಕ್ ಎಂದು ಗುರುತಿಸಬೇಡ ಎಂದು ಅದಕ್ಕೆ ಹೇಳಬಹುದು. ಅದು ನಿಮ್ಮ ಕಂಪ್ಯೂಟರಿನ ಮಟ್ಟದ ಮಾತು. ಸರ್ವರಿನಲ್ಲೇ ತಡೆದದ್ದಕ್ಕೆ ಅದು ಏನೂ ಮಾಡಲಾರದು.

ತ್ರೈಮಾಸಿಕ (ಬುಧವಾರ)

ಎರಡು ಸಂಜೆ ಕುಳಿತು ಅರವತ್ತು ವಿಳಾಸಗಳನ್ನು ನಾಲ್ಕು ಫಿಲ್ಟರುಗಳಲ್ಲಿ ಹಾಕಿದೆ, ಎಲ್ಲ ಹಳೆಯ ಪತ್ರಗಳಿಂದ ನಕಲು ಮಾಡಿ. ಒಬ್ಬರ ವಿಳಾಸವನ್ನು ನಾನು ಐದು ವರ್ಷದಿಂದ ಒಂದಕ್ಷರ ತಪ್ಪಾಗಿ ಬರೆದುಕೊಂಡಿದ್ದೆ ಎಂಬುದು ಈಗ ಗೊತ್ತಾಯಿತು. ಅವರು ನನ್ನ ಪತ್ರಕ್ಕೆ ಉತ್ತರಿಸುವುದಿಲ್ಲ ಎಂದು ನಾನು ಸಿಟ್ಟಾಗಿದ್ದೆ.

ಆದರೆ ಒಂದು ಪ್ರಶ್ನೆ ಉಳಿಯಿತು. ಪತ್ರಿಕೆ ನಡೆಯುವುದು ಹಳಬರಿಂದಲ್ಲ. ಸುರಪುರದಿಂದಲೋ ಸುಳ್ಯದಿಂದಲೋ ನಾನು ಹೆಸರೇ ಕೇಳಿರದ ಹುಡುಗಿಯೊಬ್ಬಳು ಮೊದಲ ಕವಿತೆ ಕಳುಹಿಸಿದರೆ, ಅವಳ ವಿಳಾಸ ನನ್ನ ಪಟ್ಟಿಯಲ್ಲಿ ಇರುವುದಾದರೂ ಹೇಗೆ? ನಂಬಿದವರಿಗೆ ಮಾತ್ರ ಬಾಗಿಲು ತೆರೆದರೆ ಹೊಸಬರಿಗೆ ಮುಚ್ಚಿದಂತಾಯಿತಲ್ಲ.

ನ್ಯೂಜೆರ್ಸಿ ಕನ್ನಡಿಗ

ಇದಕ್ಕೆ ನಮ್ಮ ಕನ್ನಡ ಕೂಟದಲ್ಲಿ ಒಂದು ಉಪಾಯ ಮಾಡಿಕೊಂಡಿದ್ದೇವೆ. ಜೀಮೇಲ್ ವಿಳಾಸದಲ್ಲಿ ಅಟ್ ಚಿಹ್ನೆಗೆ ಮುಂಚೆ, ನಿಮ್ಮ ಹೆಸರಿಗೆ ಒಂದು ಕೂಡಿಸುವ ಚಿಹ್ನೆ ಹಾಕಿ ಯಾವ ಪದ ಸೇರಿಸಿದರೂ ಪತ್ರ ನಿಮಗೇ ಬರುತ್ತದೆ. “ಪತ್ರಿಕೆ ಪ್ಲಸ್ ಕವಿತೆ” ಎಂದಿಟ್ಟುಕೊಳ್ಳಿ. ಬೇರೆ ಖಾತೆ ತೆರೆಯಬೇಕಾಗಿಲ್ಲ. ಬರಹ ಕಳುಹಿಸಲು ಈ ವಿಳಾಸವನ್ನೇ ಪತ್ರಿಕೆಯಲ್ಲಿ ಅಚ್ಚು ಹಾಕಿ. ಫಿಲ್ಟರಿನಲ್ಲಿ “ಫ್ರಮ್” ಖಾಲಿ ಬಿಟ್ಟು “ಟು” ಜಾಗದಲ್ಲಿ ಅದನ್ನು ಬರೆದು, ಸ್ಪ್ಯಾಮಿಗೆ ಹಾಕಬೇಡ ಎನ್ನಿ. ಆಗ ಬರೆದವರು ಯಾರೇ ಆಗಿರಲಿ, ನಿಮ್ಮ ಪತ್ರಿಕೆಯ ಪುಟ ನೋಡಿ ಬರೆದವರು ಎಂಬುದಷ್ಟೇ ಲೆಕ್ಕ.

ಕೆಲವು ತಿಂಗಳಾದ ಮೇಲೆ ಕಸದವರಿಗೂ ಆ ವಿಳಾಸ ಸಿಕ್ಕೇ ಸಿಗುತ್ತದೆ. ಮುಂದಿನ ಸಂಚಿಕೆಯಲ್ಲಿ ಪದ ಬದಲಾಯಿಸಿ. ಹಳೆಯ ಫಿಲ್ಟರ್ ಅಳಿಸಿ, ಹೊಸದು ಹಾಕಿ.

ಸರ್ವರ್ ಕೋಣೆ

ನನಗೆ ಹೊಳೆಯಲೇ ಇಲ್ಲ, ಒಳ್ಳೆಯ ಉಪಾಯ. ಸೇರಿಸಬೇಕಾದ್ದು ಒಂದೇ: ಹಾಗೆ ಬಂದ ಅಪರಿಚಿತರ ಕಡತಗಳನ್ನು ಇಳಿಸಿಕೊಂಡು ತೆರೆಯಬೇಡಿ, ಬ್ರೌಸರಿನಲ್ಲೇ ಓದಿ. ಮ್ಯಾಕ್ರೋ (ಕಡತದೊಳಗೆ ಅಡಗಿರುವ ಸಣ್ಣ ಪ್ರೋಗ್ರಾಮ್) ಚಾಲೂ ಮಾಡು ಎಂದು ಕೇಳುವ ಕವಿತೆ ಕವಿತೆಯಲ್ಲ.

ಮಂಗಳೂರು ಮಳೆ

ಬರೆಯುವವರಿಗೂ ಸ್ವಲ್ಪ ಹೇಳಿ. ನಾನು ಒಂದು ಸ್ಮರಣ ಸಂಚಿಕೆಗೆ ಲೇಖನ ಸಂಗ್ರಹಿಸಿದವಳು. ಹತ್ತರಲ್ಲಿ ಏಳು ಪತ್ರಗಳಿಗೆ ವಿಷಯವಿಲ್ಲ, ಒಳಗೆ ಒಂದಕ್ಷರವಿಲ್ಲ, ಬರೀ ಕಡತ ಒಂದನ್ನು ನೇತುಹಾಕಿರುತ್ತಾರೆ. ಇನ್ನು ಕೆಲವರು ನುಡಿ ತಂತ್ರಾಂಶದ ಹಳೆಯ ಅಕ್ಷರದಲ್ಲಿ ಬರೆದದ್ದನ್ನು ಹಾಗೆಯೇ ಪತ್ರದೊಳಗೆ ಅಂಟಿಸುತ್ತಾರೆ. ಅದು ನಮ್ಮ ಪರದೆಯಲ್ಲಿ ಇಂಗ್ಲಿಷ್ ಅಕ್ಷರ, ಸೊನ್ನೆ, ಬಾಲ, ಕೊಂಬುಗಳ ರಾಶಿ. ನಾನೇ ಯಂತ್ರವಾಗಿದ್ದರೂ ಅದನ್ನು ಕಸ ಎನ್ನುತ್ತಿದ್ದೆ. ಎಲ್ಲ ಕಂಪ್ಯೂಟರಿನಲ್ಲೂ ಸರಿಯಾಗಿ ಕಾಣುವ ಯೂನಿಕೋಡಿನಲ್ಲಿ ಎರಡು ಸಾಲು, “ಇಂಥವನು, ಈ ಊರಿನಿಂದ, ಈ ಕಥೆ ಕಳುಹಿಸುತ್ತಿದ್ದೇನೆ” ಎಂದು ಬರೆಯಲು ಏನು ಕಷ್ಟ? ಕಾಗದದ ಕಾಲದಲ್ಲಿ “ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ” ಎನ್ನುವವರೆಗೆ ಬಿಡದೆ ಬರೆದವರೇ ಇವರು.

ತ್ರೈಮಾಸಿಕ (ಮುಂದಿನ ಭಾನುವಾರ)

ಶಿರಸಿಯ ಲೇಖಕರಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಒಪ್ಪಿಕೊಂಡೆ. “ಪರಿಶೀಲನೆ” ಸುಳ್ಳೆಂದು ಹೇಳುವಾಗ ಗಂಟಲು ಒಣಗಿತು. ಅವರು ನಕ್ಕು, ಕಳುಹಿಸಿದ ಪತ್ರಗಳ ಪೆಟ್ಟಿಗೆಯಲ್ಲಿ ಕಥೆ ಇನ್ನೂ ಇದೆ ಎಂದು ಮೊನ್ನೆಯೇ ಮತ್ತೆ ಕಳುಹಿಸಿದರು. ವಿಷಯದ ಜಾಗ ಖಾಲಿ, ಒಳಗೆ ಒಂದಕ್ಷರವಿಲ್ಲ, ಹಳೆಯ ನುಡಿಯಲ್ಲಿ ಹದಿನಾಲ್ಕು ಪುಟದ ಕಡತ. ಮಂಗಳೂರಿನವರು ಹೇಳಿದ ಎಲ್ಲ ಲಕ್ಷಣಗಳೂ ಇದ್ದವು. ಆದರೂ ನೇರವಾಗಿ “ಲೇಖಕರು” ಲೇಬಲಿನ ಕೆಳಗೆ ಬಂದು ಕುಳಿತಿತ್ತು. ಮೇಲೆ ಅದೇ ಸೂಚನೆ: ನೀವು ರಚಿಸಿದ ಫಿಲ್ಟರಿನ ಕಾರಣದಿಂದ ಇದನ್ನು ಸ್ಪ್ಯಾಮಿಗೆ ಕಳುಹಿಸಿಲ್ಲ. ಈ ಸಲ ಅದನ್ನು ಎರಡು ಬಾರಿ ಓದಿದೆ. ಮೊಮ್ಮಗಳು ಅಕ್ಷರ ಪರಿವರ್ತಿಸಿಕೊಟ್ಟಳು.

ಲೆಕ್ಕದ ಪುಸ್ತಕ

ಸಂತೋಷ. ಕಥೆ ಹೇಗಿದೆ?

ತ್ರೈಮಾಸಿಕ

ನಿನ್ನೆ ರಾತ್ರಿ ಓದಿದೆ. ಮೊದಲ ಮೂರು ಪುಟ ಬಹಳ ಚೆನ್ನಾಗಿದೆ, ಅಡಿಕೆ ಸುಲಿಯುವ ಹೆಂಗಸರ ಮಾತು. ಆಮೇಲೆ ದಾರಿ ತಪ್ಪುತ್ತದೆ. ನಮ್ಮ ಪತ್ರಿಕೆಗೆ ಆಗುವುದಿಲ್ಲ. ಈಗ ವಿಷಾದಪತ್ರ ಬರೆಯುತ್ತಾ ಕುಳಿತಿದ್ದೇನೆ, ಮೂರನೆಯ ಕರಡು.

ಒಂಟಿ ಸಾಲು

ಅವರು ನಿಮ್ಮ ವಿಳಾಸಕ್ಕೆ ಫಿಲ್ಟರ್ ಹಾಕಿಕೊಂಡಿದ್ದಾರೆಯೇ ಎಂದು ಮೊದಲು ಕೇಳಿ.